ಬೆಂಗಳೂರಿನಿಂದ ಸಿಂಗಪುರ: ದೂರವನ್ನೂ ಹೊತ್ತನ್ನೂ ನೀವೇ ಲೆಕ್ಕ ಹಾಕುವುದು ಹೇಗೆ

ಹೋದ ತಿಂಗಳು ಪಕ್ಕದ ಮನೆಯ ಅಮ್ಮ ಟಿಕೆಟ್ಟಿನ ಪ್ರಿಂಟ್ ಹಿಡಿದುಕೊಂಡು ಬಂದರು. ಮೊದಲ ಸಲ ಮಗನ ಮನೆಗೆ ಸಿಂಗಪುರಕ್ಕೆ ಹೊರಟಿದ್ದರು.

"ಮೇಡಂ, ರಾತ್ರಿ 11:10ಕ್ಕೆ ಹೊರಟು ಬೆಳಿಗ್ಗೆ 6:15ಕ್ಕೆ ಇಳಿಯೋದಂತೆ. ಅಂದ್ರೆ ಏಳು ಗಂಟೆ ಆಯ್ತಲ್ಲ? ಮಗ ನಾಲ್ಕೂವರೆ ಗಂಟೆ ಅಂತಾನೆ. ಈ ಮಂಡಿ ಇಟ್ಕೊಂಡು ಏಳು ಗಂಟೆ ಕೂರೋಕೆ ಆಗಲ್ಲ ನನಗೆ" ಅಂದರು.

ಮಗ ಹೇಳಿದ್ದು ಸರಿ. ಆದರೆ ಫೋನಿನಲ್ಲಿ ಮಗ ಹೇಳಿದ ಅಂತ ನಂಬುವುದು ಬೇರೆ, ತಾನೇ ಕೂಡಿ ಕಳೆದು ನೋಡಿ ಧೈರ್ಯ ತಂದುಕೊಳ್ಳುವುದು ಬೇರೆ. ಅವರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಲೆಕ್ಕ ಮಾಡಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿದವಳು. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಮಗಳು ಸಿಂಗಪುರದ ಟ್ಯಾಂಪನೀಸ್‌ನಲ್ಲಿದ್ದಾಳೆ. ಆ ದಾರಿಯಲ್ಲಿ ಹಲವು ಸಲ ಹೋಗಿ ಬಂದಿದ್ದೇನೆ. ಹಾಗಾಗಿ ಬೆಂಗಳೂರು–ಸಿಂಗಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಇದೇ ಲೆಕ್ಕ ಕೊಲಂಬೊಗೂ ಬರುತ್ತದೆ, ಟೋಕಿಯೊಗೂ ಬರುತ್ತದೆ.

ಬೇಕಾಗುವುದು ಒಂದು ಹಾಳೆ, ಪೆನ್ನು, ಫೋನು. ಮನೆಯಲ್ಲಿ ಗ್ಲೋಬ್ ಇದ್ದರೆ ಇನ್ನೂ ಒಳ್ಳೆಯದು, ಜೊತೆಗೆ ಮೂರು ಮೊಳ ದಾರ.

ಮೊದಲು ದಾರದಿಂದ ಅಳೆಯಿರಿ

ಗ್ಲೋಬ್ ಇರುವವರು ಇಲ್ಲಿಂದ ಶುರು ಮಾಡಿ. ದಾರವನ್ನು ಭೂಮಧ್ಯ ರೇಖೆಯ ಮೇಲೆ ಒಂದು ಸುತ್ತು ಸುತ್ತಿ. ಆಮೇಲೆ ಆ ದಾರವನ್ನು ಸ್ಕೇಲಿನ ಮೇಲೆ ಇಟ್ಟು ಅಳೆಯಿರಿ. ನನ್ನ ಗ್ಲೋಬ್‌ನಲ್ಲಿ 94 ಸೆಂ.ಮೀ. ಬಂತು. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಈ ಸಂಖ್ಯೆ ನೆನಪಿಡುವುದು ಸುಲಭ. ಉತ್ತರ ಧ್ರುವದಿಂದ ಭೂಮಧ್ಯ ರೇಖೆವರೆಗಿನ ದೂರವನ್ನು ಒಂದು ಕೋಟಿ ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಮೀಟರ್ ಅಂತ ಫ್ರಾನ್ಸ್‌ನವರು 18ನೇ ಶತಮಾನದ ಕೊನೆಯಲ್ಲಿ ಇಟ್ಟುಕೊಂಡಿದ್ದರು. ಅದಕ್ಕೇ ಇಡೀ ಸುತ್ತಿಗೆ ಹೀಗೆ ದುಂಡನೆಯ ಸಂಖ್ಯೆ ಬರುತ್ತದೆ. ಈಗ 40,000ವನ್ನು 94ರಿಂದ ಭಾಗಿಸಿ. ನನ್ನ ಗ್ಲೋಬ್‌ನಲ್ಲಿ ಒಂದು ಸೆಂ.ಮೀ. ಅಂದರೆ ಸುಮಾರು 425 ಕಿ.ಮೀ.

ಇನ್ನು ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸಿಂಗಪುರದ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಏಳೂವರೆ ಸೆಂ.ಮೀ. ಬಂತು. 7.5 ಗುಣಿಸು 425. ಸುಮಾರು 3190 ಕಿ.ಮೀ.

ದಾರ ಎಲ್ಲೆಲ್ಲಿ ಹೋಗುತ್ತದೆ ಅಂತ ಸ್ವಲ್ಪ ಹೊತ್ತು ನೋಡಿ. ಚೆನ್ನೈಗಿಂತ ಸ್ವಲ್ಪ ಕೆಳಗೆ ಕರಾವಳಿ ದಾಟುತ್ತದೆ. ಆಮೇಲೆ ಪೂರ್ತಿ ಬಂಗಾಳ ಕೊಲ್ಲಿ. ನಡುವೆ ನೆಲವೇ ಇಲ್ಲ. ಗ್ರೇಟ್ ನಿಕೋಬಾರ್ ದ್ವೀಪದ ದಕ್ಷಿಣ ತುದಿಯ ಕೆಳಗೆ ಹಾದು ಸುಮಾತ್ರಾದ ತಲೆ ಮುಟ್ಟುತ್ತದೆ. ಮುಂದೆ ಸುಮಾತ್ರಾದ ಮೆಡಾನ್ ಊರಿನ ಹತ್ತಿರ ಹೋಗಿ, ಮಲಕ್ಕಾ ಜಲಸಂಧಿಯ ಮಗ್ಗುಲಲ್ಲೇ ಇಳಿದು ಸಿಂಗಪುರ ಸೇರುತ್ತದೆ. ವಿಮಾನ ಇದೇ ಗೆರೆಯ ಮೇಲೆ ಕಡ್ಡಿ ಇಟ್ಟ ಹಾಗೆ ಹಾರುವುದಿಲ್ಲ. ಆಕಾಶದಲ್ಲೂ ಗೊತ್ತುಮಾಡಿದ ದಾರಿಗಳಿವೆ. ಮಳೆ ಮೋಡ ಕಂಡರೆ ಬಳಸಿಕೊಂಡು ಹೋಗುತ್ತಾರೆ. ಇಳಿಯುವ ಮೊದಲು ರನ್‌ವೇಗೆ ಎದುರಾಗುವ ಹಾಗೆ ಸುತ್ತು ಹಾಕುತ್ತಾರೆ. ಎಲ್ಲ ಸೇರಿ ನೂರು ಕಿ.ಮೀ. ಆಚೀಚೆ ಜಾಸ್ತಿ ಆಗಬಹುದು.

ಹಾಳೆಯ ಮೇಲೆ, ಪೈಥಾಗೊರಸ್ ಕೈ ಹಿಡಿದು

ಗ್ಲೋಬ್ ಇಲ್ಲದವರಿಗೆ ಹತ್ತನೇ ಕ್ಲಾಸಿನ ಗಣಿತ ಸಾಕು. ಫೋನಿನ ಮ್ಯಾಪ್ ತೆಗೆದು ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ದೇವನಹಳ್ಳಿ ಹತ್ತಿರದ ನಮ್ಮ ಕೆಂಪೇಗೌಡ ನಿಲ್ದಾಣಕ್ಕೆ 13.2 ಮತ್ತು 77.7. ಸಿಂಗಪುರದ ಚಾಂಗಿ ನಿಲ್ದಾಣಕ್ಕೆ 1.4 ಮತ್ತು 104.0. ಒಂದೇ ದಶಮಾಂಶ ಸ್ಥಾನ ಸಾಕು.

ಅಕ್ಷಾಂಶಗಳನ್ನು ಕಳೆಯಿರಿ: 13.2 ರಲ್ಲಿ 1.4 ಹೋದರೆ 11.8. ರೇಖಾಂಶಗಳನ್ನು ಕಳೆಯಿರಿ: 104.0 ರಲ್ಲಿ 77.7 ಹೋದರೆ 26.3.

ಇಲ್ಲಿ ಒಂದು ಮಾತು. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಅಳೆದರೂ ಸುಮಾರು 111 ಕಿ.ಮೀ. 40,000ವನ್ನು 360ರಿಂದ ಭಾಗಿಸಿದರೆ ಬರುವುದೂ ಅದೇ. ರೇಖಾಂಶ ಹಾಗಲ್ಲ. ಕಿತ್ತಳೆ ಹಣ್ಣಿನ ತೊಳೆ ನೆನೆಸಿಕೊಳ್ಳಿ. ನಡುವೆ ಅಗಲ, ತುದಿಗೆ ಹೋಗುತ್ತಾ ಸಪೂರ. ಅದಕ್ಕೆ ರೇಖಾಂಶದ ವ್ಯತ್ಯಾಸವನ್ನು ಸ್ವಲ್ಪ ಕುಗ್ಗಿಸಬೇಕು. ಎಷ್ಟು ಅನ್ನುವುದು ಎರಡು ಊರಿನ ನಡುವಿನ ಅಕ್ಷಾಂಶದ ಮೇಲೆ ನಿಂತಿದೆ. 10 ಡಿಗ್ರಿಯಲ್ಲಿ 0.98ರಿಂದ ಗುಣಿಸಿ, 20ರಲ್ಲಿ 0.94, 30ರಲ್ಲಿ 0.87, 40ರಲ್ಲಿ 0.77. ಇದು ಬೇರೇನೂ ಅಲ್ಲ, ಆ ಕೋನದ ಕೊಸೈನ್. ಬೆಂಗಳೂರು, ಸಿಂಗಪುರ ಎರಡರ ನಡುವಿನ ಅಕ್ಷಾಂಶ ಸುಮಾರು 7. ಅದಕ್ಕೆ 0.99. ಹಾಗಾಗಿ 26.3 ಈಗ 26.0 ಆಯಿತು.

ಈಗ ಲಂಬಕೋನ ತ್ರಿಭುಜ ಸಿಕ್ಕಿತು, ಅಲ್ವಾ? ಒಂದು ಬಾಹು 11.8, ಇನ್ನೊಂದು 26. ವರ್ಗಗಳು 139 ಮತ್ತು 676. ಕೂಡಿದರೆ 815. ವರ್ಗಮೂಲ ಸುಮಾರು 28.5. ಅದನ್ನು 111ರಿಂದ ಗುಣಿಸಿದರೆ 3164 ಕಿ.ಮೀ. ಗೋಳದ ಪೂರ್ತಿ ಸೂತ್ರ ಹಾಕಿ ತೆಗೆದರೆ ಸುಮಾರು 3180 ಬರುತ್ತದೆ. ಒಂದು ಹಾಳೆಯ ಲೆಕ್ಕಕ್ಕೂ ಅದಕ್ಕೂ ಬರೀ 16 ಕಿ.ಮೀ. ವ್ಯತ್ಯಾಸ. ಮೈಸೂರಿನಿಂದ ಶ್ರೀರಂಗಪಟ್ಟಣದಷ್ಟು. ಕ್ಲಾಸಿನಲ್ಲಿ ಮಕ್ಕಳು ಇದನ್ನು ಮಾಡಿ ಮುಗಿಸಿದಾಗ ಅವರ ಮುಖ ನೋಡಬೇಕಿತ್ತು. ನನಗೆ ಈಗಲೂ ಆ ಖುಷಿ ಹೋಗಿಲ್ಲ.

ಆದರೆ ಈ ಲೆಕ್ಕವನ್ನು ಭೂಮಧ್ಯ ರೇಖೆಯ ಹತ್ತಿರದ ಊರುಗಳಿಗೆ ಮಾತ್ರ ಪೂರ್ತಿ ನಂಬಿ. ಉತ್ತರಕ್ಕೆ ಹೋದಂತೆ ತಪ್ಪು ಬೆಳೆಯುತ್ತದೆ. ಟೋಕಿಯೊದ ನರಿತಾ ನಿಲ್ದಾಣಕ್ಕೆ ಇದೇ ಕ್ರಮದಲ್ಲಿ ಮಾಡಿದರೆ ಸುಮಾರು 6815 ಕಿ.ಮೀ. ಬರುತ್ತದೆ. ನಿಜವಾದ ದೂರ ಸುಮಾರು 6700. ನೂರಕ್ಕೂ ಹೆಚ್ಚು ಕಿ.ಮೀ. ತಪ್ಪು. ಯಾಕೆ ಅಂತ ಗ್ಲೋಬ್ ಮೇಲೆ ದಾರ ಎಳೆದರೆ ಕಣ್ಣಿಗೇ ಕಾಣುತ್ತದೆ. ಬೆಂಗಳೂರು–ಟೋಕಿಯೊ ದಾರ ಗೋಡೆಯ ಮ್ಯಾಪಿನ ನೇರ ಗೆರೆಯ ಹಾಗೆ ಹೋಗುವುದಿಲ್ಲ. ಉತ್ತರಕ್ಕೆ ಬಾಗಿ ಮ್ಯಾನ್ಮಾರ್ ದಾಟಿ ಚೀನಾದ ಮೇಲೆ ಹೋಗುತ್ತದೆ. ಉಂಡೆಯ ಮೇಲೆ ಅದೇ ಹತ್ತಿರದ ದಾರಿ. ದೂರದ ಊರಿಗೆ ದಾರ, ಹತ್ತಿರದ ಊರಿಗೆ ಪೈಥಾಗೊರಸ್ ಅಂತ ಇಟ್ಟುಕೊಳ್ಳಿ.

ಕಿ.ಮೀ. ಸಿಕ್ಕಿತು, ಗಂಟೆ ಎಷ್ಟು?

ದೊಡ್ಡ ಜೆಟ್ ವಿಮಾನಗಳು ಹನ್ನೊಂದು ಕಿ.ಮೀ. ಎತ್ತರದಲ್ಲಿ ಗಂಟೆಗೆ 830ರಿಂದ 900 ಕಿ.ಮೀ. ವೇಗದಲ್ಲಿ ಹೋಗುತ್ತವೆ. ಆದರೆ ಹತ್ತುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ಹೊರಟ ಮೇಲೆ ರನ್‌ವೇವರೆಗೆ ನೆಲದ ಮೇಲೆ ನಿಧಾನವಾಗಿ ತೆವಳಬೇಕು. ಇಳಿದ ಮೇಲೂ ಅಷ್ಟೇ. ಟಿಕೆಟ್ಟಿನಲ್ಲಿ ಬರೆದಿರುವುದು ಗೇಟು ಬಿಟ್ಟ ಹೊತ್ತಿನಿಂದ ಗೇಟು ಸೇರುವ ಹೊತ್ತಿನವರೆಗೆ. ಗಾಳಿಯಲ್ಲಿ ಇರುವ ಹೊತ್ತು ಅದಕ್ಕಿಂತ ಕಡಿಮೆ.

ಹಲವು ಟಿಕೆಟ್‌ಗಳನ್ನು ಮುಂದಿಟ್ಟುಕೊಂಡು ನಾನು ಕಂಡುಕೊಂಡ ಸುಲಭದ ಲೆಕ್ಕ ಇದು: ಕಿ.ಮೀ.ಯನ್ನು 850ರಿಂದ ಭಾಗಿಸಿ, ಬಂದ ಗಂಟೆಗೆ 45 ನಿಮಿಷ ಕೂಡಿಸಿ.

ಸಿಂಗಪುರಕ್ಕೆ 3180 ಭಾಗಿಸು 850. ಮೂರು ಮುಕ್ಕಾಲು ಗಂಟೆ ಚಿಲ್ಲರೆ ಇಲ್ಲದೆ ಬರುತ್ತದೆ. 45 ನಿಮಿಷ ಸೇರಿಸಿದರೆ ನಾಲ್ಕೂವರೆ ಗಂಟೆ. ಪಕ್ಕದ ಮನೆಯ ಅಮ್ಮನ ಮಗ ಹೇಳಿದ್ದೂ ಅದನ್ನೇ. ಕೊಲಂಬೊ ನಮಗೆ ಸುಮಾರು 710 ಕಿ.ಮೀ. ಐವತ್ತು ನಿಮಿಷಕ್ಕೆ 45 ಕೂಡಿದರೆ ಒಂದು ಗಂಟೆ 35 ನಿಮಿಷ. ಅದೂ ಟಿಕೆಟ್ಟಿಗೆ ಹತ್ತಿರವೇ ಇರುತ್ತದೆ. ದಾರಿ ಚಿಕ್ಕದಾದಷ್ಟೂ ಆ 45 ನಿಮಿಷದ ಭಾರ ಜಾಸ್ತಿ ಅನ್ನುವುದನ್ನು ಗಮನಿಸಿ. ಮುಂದೆ ಇದು ಬೇಕಾಗುತ್ತದೆ.

ಎರಡು ಗಡಿಯಾರ

ಏಳು ಗಂಟೆಯ ಗಾಬರಿ ಹುಟ್ಟಿದ್ದು ಇಲ್ಲಿ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನ ಗಡಿಯಾರದ್ದು. ಇಳಿಯುವ ಹೊತ್ತು ಇಳಿಯುವ ಊರಿನದ್ದು. ಎರಡನ್ನೂ ನೇರವಾಗಿ ಕಳೆಯಬಾರದು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಮೊದಲು ಎರಡನ್ನೂ ನಮ್ಮ ಟೈಮಿಗೆ ತನ್ನಿ. ಬೆಳಿಗ್ಗೆ 6:15 ರಲ್ಲಿ 2:30 ಕಳೆದರೆ 3:45. ರಾತ್ರಿ 11:10ರಿಂದ ಬೆಳಗಿನ ಜಾವ 3:45ರವರೆಗೆ ಎಷ್ಟು? 4 ಗಂಟೆ 35 ನಿಮಿಷ. ಮುಗಿಯಿತು.

ಬರುವ ಟಿಕೆಟ್ಟಿನಲ್ಲಿ ಇದರ ತಿರುವು ಕಾಣುತ್ತದೆ. ಸಿಂಗಪುರದಿಂದ ರಾತ್ರಿ 8:05, ಬೆಂಗಳೂರಿಗೆ ರಾತ್ರಿ 10. ನೋಡಿದರೆ ಎರಡೇ ಗಂಟೆ ಅನ್ನಿಸುತ್ತದೆ. 8:05 ಅಂದರೆ ನಮ್ಮ ಸಂಜೆ 5:35. ಅಲ್ಲಿಂದ ಹತ್ತಕ್ಕೆ 4 ಗಂಟೆ 25 ನಿಮಿಷ. ಎರಡು ಗಂಟೆ ಅಂದುಕೊಂಡು ಊಟ ಬಿಟ್ಟು ಹತ್ತಬೇಡಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು. ಮಾತ್ರೆ, ಇನ್ಸುಲಿನ್ ಯಾವ ಗಡಿಯಾರಕ್ಕೆ ತೆಗೆದುಕೊಳ್ಳಬೇಕು ಅನ್ನುವುದನ್ನು ಹೊರಡುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಕೇಳಿ, ಈ ಹಾಳೆಯನ್ನೇ ತೋರಿಸಿ. ನಮ್ಮ ಯಜಮಾನರಿಗೆ ಡಾಕ್ಟರು ಹಾಳೆಯ ಅಂಚಿನಲ್ಲೇ ಬರೆದುಕೊಟ್ಟರು. ಆ ಹಾಳೆ ಈಗಲೂ ಪಾಸ್‌ಪೋರ್ಟ್ ಕವರ್ ಒಳಗಿದೆ.

ಚಾಂಗಿಯಲ್ಲಿ 6:15ಕ್ಕೆ ಇಳಿದಾಗ ಹೊರಗೆ ಇನ್ನೂ ಕತ್ತಲು. ವರ್ಷವಿಡೀ ಅಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಮ್ಮಿ ಏಳಕ್ಕೆ. ಇದಕ್ಕೂ ಲೆಕ್ಕ ಇದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಬೆಂಗಳೂರಿಗೂ ಸಿಂಗಪುರಕ್ಕೂ 26.3 ಡಿಗ್ರಿ. ಅಂದರೆ ಸೂರ್ಯನ ಲೆಕ್ಕದಲ್ಲಿ ಅವರು ನಮಗಿಂತ ಒಂದೂಮುಕ್ಕಾಲು ಗಂಟೆ ಮಾತ್ರ ಮುಂದೆ. ಗಡಿಯಾರದಲ್ಲಿ ಎರಡೂವರೆ ಗಂಟೆ. ಗಂಟೆಗೆ 15 ಡಿಗ್ರಿ ಅಂತ 104 ಡಿಗ್ರಿಯನ್ನು 15ರಿಂದ ಭಾಗಿಸಿದರೆ ಸಿಂಗಪುರ ಸೊನ್ನೆ ರೇಖಾಂಶದ ಗ್ರೀನಿಚ್‌ಗಿಂತ ಏಳು ಗಂಟೆ ಮುಂದಿರಬೇಕು. ಆದರೆ ಅದು ಎಂಟು ಗಂಟೆ ಇಟ್ಟುಕೊಂಡಿದೆ. ಮಲೇಷ್ಯಾ ತನ್ನ ಗಡಿಯಾರ ಮುಂದಿಟ್ಟಾಗ ಸಿಂಗಪುರವೂ 1982ರ ಜನವರಿ 1ರಿಂದ ಅದರ ಜೊತೆಗೇ ಮುಂದಿಟ್ಟಿತು. ಹಾಗಾಗಿ ಮೊದಲ ದಿನ "ಏಳು ಗಂಟೆ ಆದ್ರೂ ಬೆಳಕಿಲ್ಲವಲ್ಲ" ಅನ್ನಿಸಿದರೆ ಗಾಬರಿ ಬೇಡ. ಬೆಳಿಗ್ಗೆ ಎದ್ದು ವಾಕಿಂಗ್ ಹೋಗುವವರು ಸ್ವಲ್ಪ ತಡೆದು ಹೊರಡಿ.

ಗಾಳಿ ಯಾವ ಕಡೆಗಿದೆ?

ಮೇಲಿನ ಎರಡು ಟಿಕೆಟ್‌ಗಳಲ್ಲಿ ಹೋಗುವಾಗ 4:35, ಬರುವಾಗ 4:25 ಇದೆ. ದೂರ ಒಂದೇ, ಹೊತ್ತು ಬೇರೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದಲ್ಲ, ಅದಕ್ಕೇ ಪಶ್ಚಿಮಕ್ಕೆ ಬರುವಾಗ ಊರು ನಮ್ಮ ಎದುರಿಗೇ ಓಡಿ ಬರುತ್ತದೆ ಅಂತ ಮಕ್ಕಳು ಕ್ಲಾಸಿನಲ್ಲಿ ಹೇಳುತ್ತಿದ್ದರು. ಹಾಗಲ್ಲ. ಭೂಮಿಯ ಜೊತೆಗೆ ಗಾಳಿಯೂ ತಿರುಗುತ್ತದೆ, ಅದರೊಳಗಿನ ವಿಮಾನವೂ. ಓಡುವ ಬಸ್ಸಿನಲ್ಲಿ ಪೆನ್ನು ಮೇಲಕ್ಕೆ ಎಸೆದರೆ ನಿಮ್ಮ ಕೈಗೇ ಬರುತ್ತದೆ, ಹಿಂದಿನ ಸೀಟಿನವರಿಗೆ ಹೋಗಿ ಬೀಳುವುದಿಲ್ಲ.

ವ್ಯತ್ಯಾಸ ಮಾಡುವುದು ಎತ್ತರದ ಗಾಳಿ. ತಲಕಾಡಿನಲ್ಲಿ ಹರಿಗೋಲು ಹತ್ತಿದವರಿಗೆ ಇದು ಗೊತ್ತು. ಹೊಳೆ ಹರಿಯುವ ಕಡೆಗೆ ಹೋದರೆ ಹುಟ್ಟು ಹಾಕುವುದೇ ಬೇಡ. ಎದುರಿಗೆ ಹೋದರೆ ತೋಳು ಸೋಲುತ್ತದೆ. ವಿಮಾನಕ್ಕೆ ಗಾಳಿಯೇ ಹೊಳೆ.

ಟೋಕಿಯೊ ದಾರಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಹಳ ಜೋರಾಗಿ ಬೀಸುವ ಜೆಟ್ ಗಾಳಿ ಇದೆ, ಚಳಿಗಾಲದಲ್ಲಂತೂ ಇನ್ನೂ ಜೋರು. ನಮ್ಮ ಲೆಕ್ಕದ ಪ್ರಕಾರ 6700 ಕಿ.ಮೀ.ಗೆ ಎಂಟೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಬರಬೇಕು. ಟಿಕೆಟ್ಟಿನಲ್ಲಿ ಹೋಗುವಾಗ ಎಂಟರ ಆಸುಪಾಸು ಇರುತ್ತದೆ. ಬರುವಾಗ ಒಂದೂವರೆ, ಎರಡು ಗಂಟೆ ಜಾಸ್ತಿ.

ಸಿಂಗಪುರದ ದಾರಿ ಹಾಗಲ್ಲ. ಆ ಜೆಟ್ ಗಾಳಿ ಅಷ್ಟು ದಕ್ಷಿಣಕ್ಕೆ ಬರುವುದಿಲ್ಲ. ನಮ್ಮ ದಾರಿಯ ಮೇಲೆ ಇರುವುದು ಮಳೆಗಾಲದ ಗಾಳಿ, ಅದೂ ತಿರುವುಮುರುವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲದ ಹತ್ತಿರ ನೈಋತ್ಯದಿಂದ ಮುಂಗಾರು ಗಾಳಿ ಬೀಸುತ್ತದೆ, ಕೊಡಗಿಗೆ, ಕರಾವಳಿಗೆ ಮಳೆ ತರುತ್ತದೆ. ಅದೇ ಹೊತ್ತಿಗೆ, ಅದೇ ನೆಲದ ಮೇಲೆ, ಹತ್ತು ಹದಿನೈದು ಕಿ.ಮೀ. ಎತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತಿರುತ್ತದೆ. ಇದಕ್ಕೆ ಉಷ್ಣವಲಯದ ಪೂರ್ವ ಜೆಟ್ ಅನ್ನುತ್ತಾರೆ. ನಮ್ಮ ದೇಶದವರೇ ಆದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದರ ಬಗ್ಗೆ ಬರೆದು ಜಗತ್ತಿಗೆ ತಿಳಿಸಿದರು. ಈ ಹೆಸರು ನಮ್ಮ ಶಾಲೆ ಪುಸ್ತಕಗಳಲ್ಲಿ ಇನ್ನಷ್ಟು ಕಾಣಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಈ ಗಾಳಿಯ ಜೋರು ಜಾಸ್ತಿ ಇರುವುದು ವಿಮಾನ ಹೋಗುವ ಎತ್ತರಕ್ಕಿಂತ ಮೇಲೆ. ಆದರೆ ಅದರ ಕೆಳಗಿನ ಪದರ ವಿಮಾನಕ್ಕೆ ತಾಗುತ್ತದೆ.

ಹಾಗಾಗಿ ಜುಲೈನಲ್ಲಿ ಸಿಂಗಪುರಕ್ಕೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ. ಎಷ್ಟು ವ್ಯತ್ಯಾಸ? ಗಂಟೆಗೆ 60 ಕಿ.ಮೀ. ಎದುರುಗಾಳಿ ಇದೆ ಅಂದುಕೊಳ್ಳಿ. 900ರ ವೇಗ ನೆಲದ ಲೆಕ್ಕದಲ್ಲಿ 840 ಆಗುತ್ತದೆ. ಇಡೀ ದಾರಿಗೆ ಕಾಲು ಗಂಟೆ ಜಾಸ್ತಿ. ಒಂದು ಜುಲೈನಲ್ಲಿ ನಾನು ಬರುವಾಗ ಟಿಕೆಟ್ಟಿನ ಹೊತ್ತಿಗಿಂತ 20 ನಿಮಿಷ ಮೊದಲೇ ಬೆಂಗಳೂರಿನಲ್ಲಿ ಇಳಿದೆವು. ಸೀಟಿನ ಎದುರಿನ ಪರದೆಯಲ್ಲಿ ಮ್ಯಾಪ್ ಹಾಕಿದರೆ "ಗ್ರೌಂಡ್ ಸ್ಪೀಡ್" ಅಂತ ಬರುತ್ತದೆ. ಅದನ್ನು ನೋಡುತ್ತಾ ಹೋಗಿ. ಗಾಳಿ ಜೊತೆಗಿದೆಯೋ ಎದುರಿಗಿದೆಯೋ ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ವಿಮಾನದ ನಂಬರ್ ಗೊತ್ತಿದ್ದರೆ ಇನ್ನೊಂದು ದಾರಿ ಇದೆ. ಫ್ಲೈಟ್‌ರಾಡಾರ್24 ಥರದ ಆ್ಯಪ್‌ನಲ್ಲಿ ಆ ನಂಬರ್ ಹಾಕಿ. ಹಿಂದಿನ ಏಳು ದಿನ ಅದು ನಿಜವಾಗಿ ಯಾವಾಗ ಹೊರಟಿತು, ಯಾವಾಗ ಇಳಿಯಿತು ಅಂತ ಕಾಣುತ್ತದೆ. ಕರೆದುಕೊಂಡು ಹೋಗಲು ಬರುವವರಿಗೆ ಈ ಹೊತ್ತು ಹೇಳಿ.

ಕೌಲಾಲಂಪುರದ ಮೇಲೆ ಹೋದರೆ ದೂರವೇ?

ಟಿಕೆಟ್ ಕಮ್ಮಿ ಅಂತ ಒಂದು ಕಡೆ ಇಳಿದು ಹತ್ತುವ ವಿಮಾನ ಹಿಡಿಯುವವರು ಇದ್ದಾರೆ. ಕೌಲಾಲಂಪುರ ನಮ್ಮ ದಾರದ ಹತ್ತಿರವೇ ಇದೆ. ಬೆಂಗಳೂರಿನಿಂದ ಅಲ್ಲಿಗೆ ಸುಮಾರು 2885 ಕಿ.ಮೀ., ಅಲ್ಲಿಂದ ಸಿಂಗಪುರಕ್ಕೆ ಸುಮಾರು 300. ಕೂಡಿದರೆ 3185. ನೇರ ದಾರಿಗೂ ಇದಕ್ಕೂ ಐದೇ ಕಿ.ಮೀ. ಅಂತರ!

ಈಗ ಹೊತ್ತಿನ ಲೆಕ್ಕ ಹಾಕಿ. ಮೊದಲನೆಯದು ನಾಲ್ಕು ಗಂಟೆ ಹತ್ತು ನಿಮಿಷ. ಎರಡನೆಯದು 300 ಭಾಗಿಸು 850, ಸುಮಾರು 20 ನಿಮಿಷ. ಆದರೆ 45 ಸೇರಿಸಲೇಬೇಕು. ಒಂದು ಗಂಟೆ ಐದು ನಿಮಿಷ. ನಡುವೆ ಕಾಯುವುದು ಎರಡು ಮೂರು ಗಂಟೆ. ಒಟ್ಟು ಏಳರಿಂದ ಎಂಟು ಗಂಟೆ. ದೂರ ಬೆಳೆಯಲಿಲ್ಲ, ಹೊತ್ತು ದುಪ್ಪಟ್ಟಿನ ಹತ್ತಿರ ಹೋಯಿತು. ಅದರ ಮೇಲೆ ಎರಡು ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ನಡುವೆ ಲಗೇಜ್ ತೆಗೆದು, ಇಮಿಗ್ರೇಷನ್ ದಾಟಿ, ಮತ್ತೆ ಚೆಕ್-ಇನ್ ಮಾಡಬೇಕು. ಕೌಲಾಲಂಪುರದಲ್ಲಿ ಎರಡು ಟರ್ಮಿನಲ್‌ಗಳು ದೂರ ದೂರ ಇವೆ. ಮಂಡಿ ನೋವಿನವರಿಗೆ, ಒಬ್ಬರೇ ಹೋಗುವ ಹಿರಿಯರಿಗೆ ನಾನು ಇದನ್ನು ಬೇಡ ಅಂತಲೇ ಹೇಳುತ್ತೇನೆ. ಮಕ್ಕಳು ಟಿಕೆಟ್ ತೆಗೆಯುವಾಗ ನಾಲ್ಕು ಸಾವಿರ ಉಳಿಯಿತು ಅಂತ ನೋಡುವುದಕ್ಕಿಂತ ಈ ಮೂರು ಗಂಟೆ ನೋಡಲಿ.

ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಲೆಕ್ಕ ಇದು. ವಿಮಾನದ ನಾಲ್ಕೂವರೆ ಗಂಟೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಉಳಿದ ಹನ್ನೊಂದು ಗಂಟೆಯ ಬಗ್ಗೆ ಯಾರೂ ಕೇಳುವುದಿಲ್ಲ. ಹಿರಿಯರಿಗೆ ಸುಸ್ತಾಗುವುದು ಅಲ್ಲೇ.

ವಿಮಾನದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ವಿಮಾನ 11:10ಕ್ಕೆ. ಅಂತಾರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. 8:10. ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಟರ್ಮಿನಲ್ ಇವೆ. ವಿದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ಟ್ಯಾಕ್ಸಿಯವರಿಗೆ ಅದನ್ನು ಮೊದಲೇ ಹೇಳಿ. ಮೈಸೂರಿನಿಂದ ಅಲ್ಲಿಗೆ ಸುಮಾರು 185 ಕಿ.ಮೀ. ನಾನು ಕೆಎಸ್ಆರ್‌ಟಿಸಿಯ ಫ್ಲೈಬಸ್ಸಿನಲ್ಲೇ ಹೋಗುತ್ತೇನೆ. ಅದಕ್ಕೆ ನಾಲ್ಕೂವರೆ ಗಂಟೆ ಇಡಿ. 3180 ಕಿ.ಮೀ. ಆಕಾಶಕ್ಕೂ 185 ಕಿ.ಮೀ. ನೆಲಕ್ಕೂ ಒಂದೇ ಹೊತ್ತು! ಹೆದ್ದಾರಿ ಬೇಗ ಮುಗಿಯುತ್ತದೆ. ಹೊತ್ತು ತಿನ್ನುವುದು ಬೆಂಗಳೂರು ಊರೊಳಗಿನ ದಾರಿ, ಹೆಬ್ಬಾಳ ದಾಟುವವರೆಗೆ. ಅದಕ್ಕೇ ಇನ್ನೂ ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಮಳೆ ಬಂದರೆ ಆ ಒಂದು ಗಂಟೆ ಬೇಕೇ ಬೇಕು. 8:10 ರಲ್ಲಿ ಐದೂವರೆ ಕಳೆದರೆ ಮಧ್ಯಾಹ್ನ 2:40ಕ್ಕೆ ಬಸ್ಸು ಹೊರಟಿರಬೇಕು. ಆಟೊ ಹಿಡಿದು ಬಸ್ ಸ್ಟ್ಯಾಂಡ್ ಸೇರಲು ಮನೆಯಿಂದ ಎರಡು ಗಂಟೆಗೆ ಹೊರಡಬೇಕು.

ಆ ಕಡೆ 6:15ಕ್ಕೆ ಇಳಿದ ಮೇಲೆ ನಡಿಗೆ, ಇಮಿಗ್ರೇಷನ್, ಲಗೇಜ್ ಎಲ್ಲಕ್ಕೂ ಒಂದು ಗಂಟೆ. ಅಲ್ಲಿಂದ ಮಗಳ ಮನೆ ಹತ್ತಿರ. ಎಂಆರ್‌ಟಿ ರೈಲು ಹತ್ತಿ ತಾನಾ ಮೇರಾದಲ್ಲಿ ಬದಲಾಯಿಸಿದರೆ ಸಿಮೇಯಿ, ಆಮೇಲೆ ಟ್ಯಾಂಪನೀಸ್. ನಡೆಯುವುದೂ ಸೇರಿ ಮುಕ್ಕಾಲು ಗಂಟೆ. ಮನೆ ತಲುಪುವಾಗ ಎಂಟು. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30. ಮಧ್ಯಾಹ್ನ ಎರಡರಿಂದ ಬೆಳಿಗ್ಗೆ ಐದೂವರೆಗೆ ಹದಿನೈದೂವರೆ ಗಂಟೆ. ಊಟ, ಮಾತ್ರೆ, ನೀರು, ನಿದ್ದೆ ಇವನ್ನೆಲ್ಲ ಈ ಹದಿನೈದೂವರೆಗೆ ಹೊಂದಿಸಿ.

ಮಂಡಿ ನೋವಿದ್ದರೆ ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಕೇಳಿ. ಸಂಕೋಚ ಬೇಡ. ಟರ್ಮಿನಲ್ ಒಳಗಿನ ನಡಿಗೆಯೂ ಪ್ರಯಾಣವೇ.

ತಾರೀಖು, ದಯವಿಟ್ಟು

ಇದನ್ನು ಬರೆಯುವಾಗ ಈಗಲೂ ಹೊಟ್ಟೆ ತಳಮಳಿಸುತ್ತದೆ. ನಮ್ಮ ಅಣ್ಣ, ಅತ್ತಿಗೆ ಒಮ್ಮೆ ಮಗಳ ಬಾಣಂತನಕ್ಕೆ ಹೊರಟಿದ್ದರು. ಟಿಕೆಟ್ಟಿನಲ್ಲಿ 15ನೇ ತಾರೀಖು 12:25 ಅಂತಿತ್ತು. 15ರ ರಾತ್ರಿ ಅಂದುಕೊಂಡು ಆ ದಿನ ಸಂಜೆ ಹೋದರು. ಅದು 15ರ ಶುರುವಿನ 12:25, ಅಂದರೆ 14ರ ರಾತ್ರಿ ಮಲಗುವ ಹೊತ್ತು. ವಿಮಾನ ಹೋಗಿ ಇಪ್ಪತ್ತು ಗಂಟೆ ಆಗಿತ್ತು. ಡಬ್ಬಿ ಡಬ್ಬಿ ಅಂಟಿನುಂಡೆ ಹಿಡಿದುಕೊಂಡು ಅತ್ತಿಗೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ಹೊಸ ಟಿಕೆಟ್ ಸಿಗಲು ಎರಡು ದಿನ ಹಿಡಿಯಿತು.

ರಾತ್ರಿ 12ರಿಂದ ಬೆಳಗಿನ ಜಾವ 4ರ ನಡುವಿನ ಯಾವ ವಿಮಾನವೇ ಆಗಲಿ, ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಮನೆ ಬಿಡುವ ದಿನ: 14, ಶುಕ್ರವಾರ" ಅಂತ ವಾರದ ಹೆಸರಿನ ಸಮೇತ ಬರೆಯಿರಿ. ಕ್ಯಾಲೆಂಡರಿನಲ್ಲೂ ಆ ದಿನಕ್ಕೇ ಸುತ್ತು ಹಾಕಿ, ವಿಮಾನದ ದಿನಕ್ಕಲ್ಲ.

ಸಿಂಗಪುರಕ್ಕೆ ವೀಸಾ ಜೊತೆಗೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ಒಂದನ್ನು ಆನ್‌ಲೈನಿನಲ್ಲಿ ತುಂಬಬೇಕು. ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ. 15ಕ್ಕೆ ಇಳಿಯುವುದಾದರೆ 13, 14, 15. ಇಲ್ಲಿ ಲೆಕ್ಕಕ್ಕೆ ಬರುವುದು ಇಳಿಯುವ ತಾರೀಖು, ಹೊರಡುವುದಲ್ಲ. 11:10ರ ವಿಮಾನದಲ್ಲಿ ಎರಡೂ ಬೇರೆ ದಿನ, ಅಲ್ವಾ? ಅಲ್ಲಿನ ಸರ್ಕಾರದ ಸೈಟಿನಲ್ಲಿ ಇದು ಉಚಿತ. ದುಡ್ಡು ಕೇಳಿದರೆ ಅದು ಬೇರೆ ಯಾರದೋ ಸೈಟು, ಮುಚ್ಚಿಬಿಡಿ.

ಬರುವ ದಾರಿಗೂ ಒಂದು ಹಾಳೆ ಮಾಡಿ. ರಾತ್ರಿ ಹತ್ತಕ್ಕೆ ಇಳಿದು ಲಗೇಜ್ ಹಿಡಿದು ಹೊರಗೆ ಬರುವಾಗ ಹನ್ನೊಂದು ದಾಟಿರುತ್ತದೆ. ಆ ಹೊತ್ತಿಗೆ ಮೈಸೂರಿಗೆ ಫ್ಲೈಬಸ್ ಎಷ್ಟಕ್ಕಿದೆ ಅಂತ ಹೋಗುವ ಮೊದಲೇ ನೋಡಿ ಸೀಟು ಮಾಡಿಸಿ. ವಿಮಾನ ತಡವಾದರೆ ಹಿಡಿಯಲು ಆಗುವ ಇನ್ನೊಂದು ಬಸ್ಸಿನ ಹೊತ್ತನ್ನೂ ಪಕ್ಕದಲ್ಲೇ ಬರೆದುಕೊಳ್ಳಿ. ಪಕ್ಕದ ಮನೆಯ ಅಮ್ಮ ಎರಡು ಹಾಳೆಯನ್ನೂ ತಮ್ಮ ಕೈಯಲ್ಲೇ ಬರೆದು, ಒಂದೊಂದು ನಕಲನ್ನು ಫ್ರಿಜ್ ಮೇಲೆ ಅಂಟಿಸಿ ಹೋಗಿದ್ದಾರೆ. ಅವರು ಬರುವುದು ಮುಂದಿನ ಗುರುವಾರ, ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತಕ್ಕೆ.